ಲೆಟ್ಟೊ-ಫೋರ್ಬೆಕ್: ಪೂರ್ವ ಆಫ್ರಿಕಾದ ನಾಲ್ಕು ವರ್ಷದ ಯುದ್ಧ, ಮತ್ತು ಅದನ್ನು ಹೊತ್ತವರು

ಬೆಂಗಳೂರಿನಲ್ಲಿ ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಗೆ ಸೇರುವ ಮೂಲೆಯಲ್ಲಿ ಒಂದು ಕಲ್ಲಿನ ಕಂಬ ನಿಂತಿದೆ. ನಿಮ್ಮಲ್ಲಿ ಬಹಳ ಜನ ಅದರ ಪಕ್ಕದಲ್ಲೇ ಸಿಗ್ನಲ್ ಬಿಡುವುದನ್ನು ಕಾದು ನಿಂತಿರುತ್ತೀರಿ. ಅದು ಮೊದಲ ಮಹಾಯುದ್ಧದಲ್ಲಿ ಸತ್ತ ಮದ್ರಾಸ್ ಪಯೋನಿಯರ್ಸ್ ಸೈನಿಕರ ಸ್ಮಾರಕ. ಆ ಪಯೋನಿಯರ್ ಪಡೆಗಳಲ್ಲಿ 61ನೆಯದು 1914ರ ನವೆಂಬರ್ ತಿಂಗಳಲ್ಲಿ ಟಾಂಗಾ ಎಂಬ ಊರಿಗೆ ಹೋಗಿತ್ತು. ಟಾಂಗಾ ಈಗ ತಾಂಜಾನಿಯಾದ ಒಂದು ಬಂದರು. ಆಗ ಅದು ಜರ್ಮನ್ ಪೂರ್ವ ಆಫ್ರಿಕಾ. ಅಲ್ಲಿ ಇವರ ಎದುರಿಗೆ ನಿಂತಿದ್ದ ಜರ್ಮನ್ ಅಧಿಕಾರಿ ಪೌಲ್ ಫಾನ್ ಲೆಟ್ಟೊ-ಫೋರ್ಬೆಕ್. ಇವತ್ತಿನ ಮಾತು ಅವನ ಯುದ್ಧದ ಬಗ್ಗೆ.

ಅವನ ಹೆಸರು ಬಂದ ಕಡೆಯೆಲ್ಲ ಒಂದು ಮಾತು ಜೊತೆಗೇ ಬರುತ್ತದೆ: "ಸೋಲದ ಸೇನಾಪತಿ". ನಾಲ್ಕು ವರ್ಷ, ಮೂರು ತಿಂಗಳು ಯುದ್ಧ ಮಾಡಿದ. ತನಗಿಂತ ಹತ್ತಾರು ಪಟ್ಟು ದೊಡ್ಡ ಸೈನ್ಯದ ಕೈಗೆ ಸಿಗಲಿಲ್ಲ. ಜರ್ಮನಿಯೇ ಸೋತ ಮೇಲೂ ಅವನು ಎರಡು ವಾರ ಶಸ್ತ್ರ ಕೆಳಗಿಟ್ಟಿರಲಿಲ್ಲ. ಇದೆಲ್ಲ ನಿಜವೇ. ಆದರೆ ಈ ಕಥೆಯನ್ನು ಬರೀ ಒಬ್ಬ ಜಾಣನ ಕಥೆಯಾಗಿ ಹೇಳಿದರೆ ಮುಕ್ಕಾಲು ಭಾಗ ಬಿಟ್ಟುಹೋಗುತ್ತದೆ. ಆ ಬಿಟ್ಟುಹೋದ ಭಾಗವೇ ನನ್ನನ್ನು ಈ ವಿಷಯಕ್ಕೆ ಎಳೆದದ್ದು.

ಅವನು ಹುಟ್ಟಿದ್ದು 1870ರಲ್ಲಿ, ಸಾರ್ಲೂಯಿ ಎಂಬ ಊರಿನಲ್ಲಿ. ಸೈನಿಕರ ಮನೆತನ. 1900ರಲ್ಲಿ ಬಾಕ್ಸರ್ ದಂಗೆಯನ್ನು ಹತ್ತಿಕ್ಕಲು ಚೀನಾಕ್ಕೆ ಹೋದ. 1904ರಲ್ಲಿ ಜರ್ಮನ್ ನೈಋತ್ಯ ಆಫ್ರಿಕಾಕ್ಕೆ, ಅಂದರೆ ಈಗಿನ ನಮೀಬಿಯಾಕ್ಕೆ ಹೋದ. ಇಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲಿ ಹೆರೆರೊ ಜನ ಜರ್ಮನರ ವಿರುದ್ಧ ಎದ್ದಿದ್ದರು. ಅವರನ್ನು ಮಟ್ಟಹಾಕಲು ಬಂದವನು ಲೋಥರ್ ಫಾನ್ ಟ್ರೋಥಾ. ವಾಟರ್‌ಬರ್ಗ್ ಕಾಳಗದ ನಂತರ ಟ್ರೋಥಾ ಹೆರೆರೊ ಜನರನ್ನು ಒಮಹೆಕೆ ಮರುಭೂಮಿಗೆ ಅಟ್ಟಿದ. ನೀರಿನ ಹೊಂಡಗಳಿಗೆ ಕಾವಲು ಹಾಕಿಸಿದ. 1904ರ ಅಕ್ಟೋಬರ್ 2ರಂದು, ಗಡಿಯೊಳಗೆ ಕಂಡ ಹೆರೆರೊಗಳನ್ನು ಗುಂಡಿಕ್ಕಿ ಎಂದು ಆಜ್ಞೆ ಹೊರಡಿಸಿದ. ಹತ್ತಾರು ಸಾವಿರ ಜನ ಬಾಯಾರಿ ಸತ್ತರು. ಲೆಟ್ಟೊ-ಫೋರ್ಬೆಕ್ ಇದೇ ಟ್ರೋಥಾನ ಕಚೇರಿಯಲ್ಲಿ ಅಧಿಕಾರಿಯಾಗಿದ್ದ. ಜರ್ಮನ್ ಸರ್ಕಾರ ಅದನ್ನು ನರಮೇಧ ಎಂದು ಒಪ್ಪಿಕೊಂಡದ್ದು 2021ರಲ್ಲಿ.

ಮುಂದೆ ನಾಮಾ ಜನರ ಜೊತೆಗಿನ ಹೋರಾಟದಲ್ಲಿ ಅವನ ಕಣ್ಣಿಗೆ ಗಾಯವಾಯಿತು. ಎಡಗಣ್ಣಿನ ನೋಟ ಹೋಯಿತು. ನಾಮಾ ಜನ ಸಣ್ಣ ಸಣ್ಣ ಗುಂಪುಗಳಲ್ಲಿ ಬಂದು ಹೊಡೆದು ಮಾಯವಾಗುತ್ತಿದ್ದರು. ದೊಡ್ಡ ಸೈನ್ಯವನ್ನು ಚಿಕ್ಕ ಪಡೆ ಹೇಗೆ ಓಡಾಡಿಸಿ ದಣಿಸಬಹುದು ಎಂಬುದನ್ನು ಅವನು ಕಣ್ಣಾರೆ ಕಂಡದ್ದು ಅಲ್ಲಿ. ಹತ್ತು ವರ್ಷದ ನಂತರ ಅದೇ ಪಾಠವನ್ನು ಬ್ರಿಟಿಷರ ಮೇಲೆ ಪ್ರಯೋಗಿಸಿದ.

1914ರ ಜನವರಿಯಲ್ಲಿ ಅವನು ದಾರ್ ಎಸ್ ಸಲಾಮ್‌ಗೆ ಬಂದಿಳಿದ. ಅಲ್ಲಿನ ವಸಾಹತು ಸೈನ್ಯದ ಹೆಸರು ಶುಟ್ಸ್‌ಟ್ರುಪ್ಪ. ಅದರಲ್ಲಿ ಇದ್ದದ್ದು ಸುಮಾರು 260 ಜರ್ಮನರು, ಸುಮಾರು 2,500 ಆಫ್ರಿಕನ್ ಸೈನಿಕರು. ಈ ಆಫ್ರಿಕನ್ ಸೈನಿಕರನ್ನು ಆಸ್ಕರಿ ಎನ್ನುತ್ತಿದ್ದರು. ಜರ್ಮನಿಗಿಂತಲೂ ದೊಡ್ಡ ದೇಶಕ್ಕೆ ಇಷ್ಟೇ ಸೈನ್ಯ. ಬಹುತೇಕ ಕಂಪನಿಗಳ ಕೈಲಿದ್ದದ್ದು 1871ರ ಮಾದರಿಯ ಬಂದೂಕು. ಹೊಡೆದರೆ ದಟ್ಟ ಹೊಗೆ ಏಳುತ್ತಿತ್ತು. ಎಲ್ಲಿ ಕೂತಿದ್ದಾರೆ ಎಂದು ಶತ್ರುವಿಗೆ ತಕ್ಷಣ ಗೊತ್ತಾಗುತ್ತಿತ್ತು.

ಯುದ್ಧ ಶುರುವಾದಾಗ ಗವರ್ನರ್ ಹೈನ್ರಿಖ್ ಶ್ನೇಗೆ ಯುದ್ಧ ಬೇಕಿರಲಿಲ್ಲ. ವಸಾಹತನ್ನು ತಟಸ್ಥವಾಗಿ ಇಡಬಹುದು ಎಂಬ ಆಸೆ ಅವನಿಗಿತ್ತು. ಲೆಟ್ಟೊ-ಫೋರ್ಬೆಕ್ ಲೆಕ್ಕವೇ ಬೇರೆ. ಯುದ್ಧ ತೀರ್ಮಾನವಾಗುವುದು ಯುರೋಪಿನಲ್ಲಿ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಲ್ಲಿ ತಾನು ಗದ್ದಲ ಎಬ್ಬಿಸಿದರೆ ಬ್ರಿಟಿಷರು ಸೈನ್ಯ, ಹಡಗು, ಹಣ ಎಲ್ಲವನ್ನೂ ಆಫ್ರಿಕಾಕ್ಕೆ ತಿರುಗಿಸಬೇಕಾಗುತ್ತದೆ. ಅಷ್ಟರಮಟ್ಟಿಗೆ ಫ್ರಾನ್ಸಿನಲ್ಲಿ ಜರ್ಮನಿಗೆ ಹಗುರ. ಇದು ಅವನ ವಾದ. ಗವರ್ನರ್ ಮಾತನ್ನು ಬದಿಗಿಟ್ಟು ಆಗಸ್ಟ್ 15ರಂದು ಬ್ರಿಟಿಷರ ಗಡಿ ದಾಟಿ ತವೇತಾ ಊರನ್ನು ಹಿಡಿದ.

ಈಗ ಟಾಂಗಾಕ್ಕೆ ಬರೋಣ.

1914ರ ಅಕ್ಟೋಬರ್ 16ರಂದು ಮುಂಬಯಿಯಿಂದ ಹಡಗುಗಳ ಒಂದು ಸಾಲು ಹೊರಟಿತು. ಅದರಲ್ಲಿ ಸುಮಾರು 8,000 ಸೈನಿಕರು. ಮೇಜರ್ ಜನರಲ್ ಆರ್ಥರ್ ಐಟ್ಕನ್ ಅದರ ನಾಯಕ. ಆ ಪಡೆಯ ಎರಡು ಬ್ರಿಗೇಡ್‌ಗಳಲ್ಲಿ ಒಂದರ ಹೆಸರು 27ನೇ ಬೆಂಗಳೂರು ಬ್ರಿಗೇಡ್. ಹೆಸರು ನಮ್ಮ ಕಂಟೋನ್ಮೆಂಟಿನದು. ಸೈನಿಕರು ಬೇರೆ ಬೇರೆ ಕಡೆಯವರು: ಇಂಗ್ಲೆಂಡಿನ ಲಾಯಲ್ ನಾರ್ತ್ ಲ್ಯಾಂಕಾಷೈರ್ಸ್, 63ನೇ ಪಾಳಯಂಕೋಟೆ ಲೈಟ್ ಇನ್‌ಫಂಟ್ರಿ, 98ನೇ ಇನ್‌ಫಂಟ್ರಿ, 101ನೇ ಗ್ರೆನೇಡಿಯರ್ಸ್. ಇನ್ನೊಂದು ಬ್ರಿಗೇಡ್‌ನಲ್ಲಿ ಕಾಶ್ಮೀರ, ಗ್ವಾಲಿಯರ್ ಸಂಸ್ಥಾನಗಳ ಪಡೆಗಳಿದ್ದವು. ಒಬ್ಬರ ಜೊತೆ ಒಬ್ಬರು ಯಾವತ್ತೂ ಅಭ್ಯಾಸ ಮಾಡಿದವರಲ್ಲ. ವಾರಗಟ್ಟಲೆ ಹಡಗಿನಲ್ಲಿ ವಾಂತಿ ಮಾಡಿಕೊಂಡು ಸೊರಗಿದ್ದರು.

ನವೆಂಬರ್ 2ರ ಬೆಳಗ್ಗೆ ಫಾಕ್ಸ್ ಎಂಬ ಯುದ್ಧನೌಕೆ ಟಾಂಗಾ ಬಂದರಿಗೆ ಬಂತು. ಇದಕ್ಕೂ ಮುಂಚೆ ನೌಕಾಪಡೆ ಈ ಊರಿನ ಜೊತೆ ಒಂದು ಒಪ್ಪಂದ ಮಾಡಿಕೊಂಡಿತ್ತು. ನಾವು ಗುಂಡು ಹಾರಿಸೋದಿಲ್ಲ, ನೀವೂ ಸುಮ್ನೆ ಇರಿ ಅನ್ನೋ ಥರದ್ದು. ನೌಕೆಯ ಕ್ಯಾಪ್ಟನ್ ಕಾಲ್‌ಫೀಲ್ಡ್ ಆ ಒಪ್ಪಂದ ಮುಗಿಯಿತು ಎಂದು ಊರಿನ ಜರ್ಮನ್ ಅಧಿಕಾರಿಗೆ ಹೇಳಿದ. ಬಂದರಿನಲ್ಲಿ ಸಿಡಿಗುಂಡು ಹುದುಗಿಸಿದ್ದೀರಾ ಎಂದೂ ಕೇಳಿದ. ಆಮೇಲೆ ಇಲ್ಲದ ಸಿಡಿಗುಂಡುಗಳನ್ನು ಹುಡುಕುತ್ತಾ ಹೊತ್ತು ಕಳೆದರು. ಆ ಅಧಿಕಾರಿ ಅಷ್ಟರಲ್ಲಿ ತಂತಿ ಕಳಿಸಿ ಆಗಿತ್ತು.

ಲೆಟ್ಟೊ-ಫೋರ್ಬೆಕ್ ಆಗ ಕಿಲಿಮಂಜಾರೋ ಪಕ್ಕದ ಮೋಶಿಯಲ್ಲಿದ್ದ. ಮೋಶಿಯಿಂದ ಟಾಂಗಾಕ್ಕೆ ಉಸಂಬರ ರೈಲು ದಾರಿ ಇತ್ತು. ಇರುವ ಕೆಲವೇ ಇಂಜಿನ್‌ಗಳಿಗೆ ಸೈನಿಕರನ್ನು ತುಂಬಿಸಿ ರಾತ್ರಿ ಹಗಲು ಓಡಿಸಿದ. ನವೆಂಬರ್ 3ರ ರಾತ್ರಿ ತಾನೇ ಟಾಂಗಾಕ್ಕೆ ಬಂದು, ಒಂದು ಸೈಕಲ್ ತಗೊಂಡು, ಕತ್ತಲಲ್ಲಿ ಖಾಲಿ ಊರನ್ನೆಲ್ಲ ಸುತ್ತಿ ನೋಡಿದ. ಶತ್ರುವಿನ ಹಡಗುಗಳ ದೀಪ ಅವನಿಗೆ ಕಾಣುತ್ತಿತ್ತು. ಈ ಕಡೆ ಐಟ್ಕನ್ ಎದುರಿಗೆ ಯಾರಿದ್ದಾರೆ ಎಂದು ಸರಿಯಾಗಿ ನೋಡಿಸಲೂ ಇಲ್ಲ. ಇಬ್ಬರು ನಾಯಕರ ವ್ಯತ್ಯಾಸಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾಗಿಲ್ಲ.

ನವೆಂಬರ್ 4ರ ಮಧ್ಯಾಹ್ನ ಕಾಳಗ. ಊರಿನ ಪೂರ್ವಕ್ಕೆ ಪೊದೆ, ತೋಟ, ಎತ್ತರದ ಬೆಳೆ. ನಾಲ್ಕು ಹೆಜ್ಜೆ ಆಚೆ ಏನಿದೆ ಎಂದು ಕಾಣುತ್ತಿರಲಿಲ್ಲ. ಬಿಸಿಲು, ಬಾಯಾರಿಕೆ. ಲ್ಯಾಂಕಾಷೈರ್ ಮತ್ತು ಕಾಶ್ಮೀರದ ಸೈನಿಕರು ಊರಿನೊಳಕ್ಕೇ ನುಗ್ಗಿದರು, ಬೀದಿ ಬೀದಿಯಲ್ಲಿ ಹೊಡೆದಾಡಿದರು. ಕೆಲವು ಪಡೆಗಳು ಮೆಷಿನ್ ಗನ್ ಸದ್ದಿಗೆ ಚದುರಿಹೋದವು. ಅವರನ್ನು ಹೇಡಿಗಳು ಎಂದು ಬರೆದವರಿದ್ದಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಮೆಷಿನ್ ಗನ್ ಎದುರಿಸಿಯೇ ಗೊತ್ತಿಲ್ಲದವರನ್ನು, ಹಡಗಿನಿಂದ ಇಳಿಸಿ, ಕಣ್ಣು ಕಟ್ಟಿದ ಹಾಗೆ ಪೊದೆಯೊಳಕ್ಕೆ ನೂಕಿದವರ ತಪ್ಪನ್ನು ಆ ಸೈನಿಕರ ತಲೆಗೆ ಕಟ್ಟಬಾರದು.

ಲೆಟ್ಟೊ-ಫೋರ್ಬೆಕ್ ತನ್ನ ಪಡೆಯ ಒಂದು ಭಾಗವನ್ನು ಕೈಯಲ್ಲೇ ಉಳಿಸಿಕೊಂಡಿದ್ದ. ಬ್ರಿಟಿಷ್ ಸಾಲಿನ ಎಡಬದಿ ಖಾಲಿ ಬಿದ್ದಿದೆ ಎಂದು ಕಂಡ ಕೂಡಲೇ ಅಲ್ಲಿಂದ ನುಗ್ಗಿಸಿದ. 101ನೇ ಗ್ರೆನೇಡಿಯರ್ಸ್ ಅದಕ್ಕೆ ಸಿಕ್ಕಿ ನುಚ್ಚುನೂರಾದರು. ಅದೇ ಹೊತ್ತಿಗೆ ಇನ್ನೊಂದು ಆಯಿತು. ಅಲ್ಲಿನ ಮರಗಳಲ್ಲಿ ಜೇನುಗೂಡುಗಳಿದ್ದವು. ಗುಂಡು ತಗುಲಿ ಹುಳುಗಳು ಎದ್ದವು. ಕಂಡ ಕಂಡವರಿಗೆಲ್ಲ ಕಚ್ಚಿದವು, ಎರಡೂ ಕಡೆಯವರಿಗೆ. ನಮ್ಮ ಮಲೆನಾಡಿನವರಿಗೆ ಹೆಜ್ಜೇನು ಎದ್ದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ ಅಲ್ವಾ. ಜರ್ಮನರು ಜೇನುಗೂಡಿಗೆ ದಾರ ಕಟ್ಟಿ ಬಲೆ ಹೂಡಿದ್ದರು ಎಂದು ಆಮೇಲೆ ಸುದ್ದಿ ಹಬ್ಬಿತು. ಅದು ಬರೀ ಕಟ್ಟುಕಥೆ.

ಮಾರನೇ ದಿನ ಬ್ರಿಟಿಷರು ಹಡಗು ಹತ್ತಿ ಹೊರಟರು. ಅವರ ಕಡೆ 360 ಜನ ಸತ್ತಿದ್ದರು, 487 ಜನ ಗಾಯಗೊಂಡಿದ್ದರು. ಜರ್ಮನ್ ಕಡೆ ಸತ್ತವರು ಸುಮಾರು 70. ಸುಮಾರು ಸಾವಿರ ಜನ ಎಂಟು ಸಾವಿರ ಜನರನ್ನು ವಾಪಸ್ ಕಳಿಸಿದ್ದರು. ದಡದಲ್ಲಿ ಬಿಟ್ಟುಹೋದ ಸಾಮಾನಿನಲ್ಲಿ 16 ಮೆಷಿನ್ ಗನ್, ನೂರಾರು ಹೊಸ ಬಂದೂಕು, 6,00,000 ಗುಂಡುಗಳು ಸಿಕ್ಕವು. ಹಳೇ ಹೊಗೆಬಂದೂಕಿನ ಮೂರು ಕಂಪನಿಗಳಿಗೆ ಹೊಸ ಬಂದೂಕು ಬಂದವು.

ಇನ್ನು ಜಾಸಿನ್. 1915ರ ಜನವರಿಯಲ್ಲಿ ಗಡಿಯ ಈ ಪುಟ್ಟ ಠಾಣೆಯನ್ನೂ ಅವನು ಗೆದ್ದ. ಅದನ್ನು ಕಾಯುತ್ತಿದ್ದವರು ಭಾರತೀಯ ಸೈನಿಕರು. ಕಾಶ್ಮೀರ ಪಡೆಯ ಕರ್ನಲ್ ರಘಬೀರ್ ಸಿಂಗ್ ಅಲ್ಲೇ ಸತ್ತರು. ಆದರೆ ಗೆಲುವಿಗೆ ಲೆಟ್ಟೊ-ಫೋರ್ಬೆಕ್ ಕೊಟ್ಟ ಬೆಲೆ ಅವನನ್ನೇ ಬೆಚ್ಚಿಬೀಳಿಸಿತು. ಎರಡು ಲಕ್ಷ ಗುಂಡು ಖರ್ಚಾಗಿತ್ತು. ಹಳೆಯ, ನುರಿತ ಅಧಿಕಾರಿಗಳು ಹೋಗಿದ್ದರು. ಸಮುದ್ರದಲ್ಲಿ ಬ್ರಿಟಿಷರ ಕಾವಲು, ಹೊರಗಿನಿಂದ ಒಂದು ಮೊಳೆ ಬರುವುದೂ ಕಷ್ಟ. ಇಂಥ ಕಾಳಗ ಇನ್ನು ಮೂರು ಮಾಡಿದರೆ ಹೆಚ್ಚು ಎಂದು ಅವನೇ ಲೆಕ್ಕ ಹಾಕಿದ. ಅಲ್ಲಿಂದ ಎದುರುಬದುರು ನಿಂತು ಕಾದಾಡುವುದನ್ನು ಕಡಿಮೆ ಮಾಡಿದ. ಸಣ್ಣ ತಂಡಗಳನ್ನು ಕಳಿಸಿ ಬ್ರಿಟಿಷರ ಉಗಾಂಡಾ ರೈಲಿನ ಹಳಿಗಳನ್ನು ಸ್ಫೋಟಿಸತೊಡಗಿದ. ಆ ಹಳಿಗಳನ್ನು ಹಾಕಿದವರು ಇಲ್ಲಿಂದ ಹೋದ ಸುಮಾರು 32,000 ಭಾರತೀಯ ಕೂಲಿಗಳು.

ಮುಂದಿನ ಒಂದು ವರ್ಷ ಆ ವಸಾಹತು ತನಗೆ ಬೇಕಾದ್ದನ್ನೆಲ್ಲ ತಾನೇ ಮಾಡಿಕೊಂಡಿತು. ಅಮಾನಿ ಎಂಬಲ್ಲಿ ಒಂದು ಸಂಶೋಧನಾ ಕೇಂದ್ರ ಇತ್ತು. ಅಲ್ಲಿ ಸಿಂಕೋನಾ ತೊಗಟೆಯಿಂದ ಕ್ವಿನೈನ್ ತೆಗೆದರು. ಕಾಡಿನಲ್ಲಿ ಗುಳಿಗೆ ಮುಗಿದಾಗ ತೊಗಟೆಯನ್ನೇ ಕುದಿಸಿ ಕುಡಿದರು. ಅಸಾಧ್ಯ ಕಹಿ. ಅದಕ್ಕೆ ಸೈನಿಕರು ಇಟ್ಟ ಹೆಸರು ಲೆಟ್ಟೊ-ಶ್ನಾಪ್ಸ್. ರುಫಿಜಿ ನದಿಯ ಮುಖದಲ್ಲಿ ಕ್ಯೋನಿಗ್ಸ್‌ಬರ್ಗ್ ಎಂಬ ಜರ್ಮನ್ ಯುದ್ಧನೌಕೆ 1915ರ ಜುಲೈನಲ್ಲಿ ನಾಶವಾಯಿತು. ಮುಳುಗಿದ ಹಡಗಿನಿಂದ ಹತ್ತು ತೋಪುಗಳನ್ನು ಎತ್ತಿ, ಗಾಲಿ ಹಚ್ಚಿ, ನೆಲದ ಮೇಲೆ ಎಳೆದಾಡಿದರು. ಎಳೆದದ್ದು ನೂರಾರು ಜನರ ತೋಳು.

ಇಲ್ಲೊಂದು ಅಡ್ಡಮಾತು ಹೇಳಿಬಿಡುತ್ತೇನೆ. ಆ ಜರ್ಮನ್ ವಸಾಹತಿನ ದುಡ್ಡಿನ ಹೆಸರು ಏನು ಗೊತ್ತಾ? ರೂಪಿ. ಹೌದು, ನಮ್ಮ ರೂಪಾಯಿಯೇ. ಆ ಕರಾವಳಿಯ ವ್ಯಾಪಾರವೆಲ್ಲ ಭಾರತೀಯ ವ್ಯಾಪಾರಿಗಳ ಕೈಲಿತ್ತು, ರೂಪಾಯಿ ಅಲ್ಲಿ ಮೊದಲೇ ಓಡಾಡುತ್ತಿತ್ತು. ಜರ್ಮನರು ಬಂದ ಮೇಲೂ ಅದನ್ನೇ ಉಳಿಸಿಕೊಂಡು ಕೈಸರ್ ತಲೆ ಒತ್ತಿಸಿದರು. ಯುದ್ಧದಲ್ಲಿ ನಾಣ್ಯ ಸಾಲದೆ ಬಂದಾಗ 1916ರಲ್ಲಿ ಟಬೋರಾದಲ್ಲೇ ಟಂಕಿಸಿದರು. 15 ರೂಪಿಯ ಚಿನ್ನದ ನಾಣ್ಯ. ಅದರ ಮೇಲೆ ಸೊಂಡಿಲೆತ್ತಿದ ಆನೆ, ಹಿಂದೆ ಬೆಟ್ಟ. ಈಗ ನಾಣ್ಯ ಸಂಗ್ರಹ ಮಾಡುವವರು ಅದಕ್ಕಾಗಿ ಜೀವ ಬಿಡುತ್ತಾರೆ.

1916ರಲ್ಲಿ ಯುದ್ಧದ ಬಣ್ಣ ಬದಲಾಯಿತು. ದಕ್ಷಿಣ ಆಫ್ರಿಕಾದಿಂದ ಯಾನ್ ಸ್ಮಟ್ಸ್ ದೊಡ್ಡ ಸೈನ್ಯ ತಂದ. ಪಶ್ಚಿಮದಿಂದ ಬೆಲ್ಜಿಯನ್ನರು ಬಂದರು. ಸೆಪ್ಟೆಂಬರ್ ಹೊತ್ತಿಗೆ ದಾರ್ ಎಸ್ ಸಲಾಮ್, ಟಬೋರಾ, ಎರಡೂ ರೈಲು ದಾರಿ, ಎಲ್ಲವೂ ಜರ್ಮನರ ಕೈತಪ್ಪಿದವು. ಊರುಗಳನ್ನು ಹಿಡಿದರೆ ಯುದ್ಧ ಮುಗಿಯುತ್ತದೆ ಎಂದು ಸ್ಮಟ್ಸ್ ಅಂದುಕೊಂಡಿದ್ದ. ಲೆಟ್ಟೊ-ಫೋರ್ಬೆಕ್‌ಗೆ ಊರು ಬೇಕಿರಲಿಲ್ಲ. ಅವನು ದಕ್ಷಿಣದ ಕಾಡಿಗೆ ಸರಿದ.

ನನ್ನ ಮಾತಿನ ಮುಖ್ಯ ಭಾಗ ಈಗ ಬರುತ್ತದೆ. ಆ ಕಾಡಿನಲ್ಲಿ ತ್ಸೆತ್ಸೆ ನೊಣ ಇದೆ. ಅದು ಕಚ್ಚಿದರೆ ಕುದುರೆ, ಕತ್ತೆ, ಎತ್ತು ಯಾವುದೂ ಉಳಿಯುವುದಿಲ್ಲ. ಸ್ಮಟ್ಸ್ ತಂದ ಕುದುರೆಗಳು ಸಾವಿರ ಸಾವಿರ ಸತ್ತವು. ರಸ್ತೆ ಇಲ್ಲ, ಮಳೆಗಾಲದಲ್ಲಿ ಲಾರಿ ಹೂತುಹೋಗುತ್ತದೆ. ಹಾಗಾದರೆ ಗುಂಡು, ಅಕ್ಕಿ, ಔಷಧಿ, ತೋಪಿನ ಬಿಡಿಭಾಗ ಹೋಗುವುದು ಹೇಗೆ? ಮನುಷ್ಯನ ತಲೆಯ ಮೇಲೆ. ನಮ್ಮ ಮಂಡಿಗಳಲ್ಲಿ ಹಮಾಲರು ಮೂಟೆ ಹೊರುತ್ತಾರಲ್ಲ, ಅವರು ಲಾರಿಯಿಂದ ಗೋಡೌನ್ ತನಕ ಹೊರುತ್ತಾರೆ. ಇವರು ನೂರಾರು ಮೈಲಿ ಹೊತ್ತರು.

ಒಂದು ಸಣ್ಣ ಲೆಕ್ಕ ಮಾಡೋಣ. ಒಬ್ಬ ಆಳು ಹೊರುವುದು ಸುಮಾರು 25 ಕಿಲೋ. ದಿನಕ್ಕೆ ಅವನು ತಿನ್ನಬೇಕಾದ್ದು ಹತ್ತಿರ ಹತ್ತಿರ ಒಂದು ಕಿಲೋ ಧಾನ್ಯ. ಅಕ್ಕಿಯನ್ನೇ ಹೊತ್ತು ಹೊರಟರೆ ಇಪ್ಪತ್ತೈದು ದಿನಕ್ಕೆ ಅವನ ಹೊರೆ ಅವನ ಹೊಟ್ಟೆಗೇ ಮುಗಿಯುತ್ತದೆ. ವಾಪಸ್ ಬರುವ ದಾರಿಯ ಊಟ ಬೇರೆ. ಹಾಗಾಗಿ ಒಬ್ಬ ಸೈನಿಕನಿಗೆ ಊಟ ತಲುಪಿಸಲು ಹಲವು ಹೊರೆಯಾಳು ಬೇಕು, ಆ ಆಳುಗಳಿಗೆ ಊಟ ತಲುಪಿಸಲು ಇನ್ನಷ್ಟು ಆಳು ಬೇಕು. ದಾರಿ ಉದ್ದವಾದಷ್ಟೂ ಲೆಕ್ಕ ಕೈಮೀರುತ್ತದೆ. ಅಧಿಕಾರಿಗಳು ಇದಕ್ಕೆ ಕಂಡುಕೊಂಡ ಪರಿಹಾರ ಎರಡು. ಹೊರೆಯಾಳಿನ ಊಟ ಕಡಿಮೆ ಮಾಡುವುದು. ದಾರಿಯ ಹಳ್ಳಿಯ ಕಣಜ ಬರಿದು ಮಾಡುವುದು.

ಬ್ರಿಟಿಷರ ಕಡೆ ಸುಮಾರು ಹತ್ತು ಲಕ್ಷ ಆಫ್ರಿಕನ್ನರು ಹೊರೆ ಹೊತ್ತರು. ಸರ್ಕಾರದ ದಾಖಲೆಯ ಪ್ರಕಾರವೇ ಸತ್ತವರು 95,000ಕ್ಕಿಂತ ಜಾಸ್ತಿ. ಗುಂಡು ತಗುಲಿ ಅಲ್ಲ. ಭೇದಿ, ಮಲೇರಿಯಾ, ನ್ಯುಮೋನಿಯಾ, ಹಸಿವು. ಬೆಟ್ಟದ ಚಳಿಗೆ ಹೊದಿಕೆ ಇರಲಿಲ್ಲ. ಬಾಳೆಕಾಯಿ ತಿಂದು ಬೆಳೆದವರಿಗೆ ಅರೆಬೆಂದ ಜೋಳದ ಹಿಟ್ಟು ಕೊಟ್ಟರು, ಕರುಳು ತಡೆಯಲಿಲ್ಲ. ಇನ್ನು ಲೆಟ್ಟೊ-ಫೋರ್ಬೆಕ್ ಕಡೆ ಸತ್ತ ಹೊರೆಯಾಳುಗಳ ಲೆಕ್ಕವನ್ನು ಯಾರೂ ಇಡಲೇ ಇಲ್ಲ. ಒಂದೊಂದು ಗುಂಡಿನ ಲೆಕ್ಕ ಇಟ್ಟ ಮನುಷ್ಯ ಅವನು. ಹಳ್ಳಿಗೆ ನುಗ್ಗಿ ಕೈಗೆ ಸಿಕ್ಕ ಗಂಡಸರನ್ನು ಎಳೆದು ತಂದರು. ಓಡಿಹೋಗದಂತೆ ಹಗ್ಗ ಕಟ್ಟಿದ್ದೂ ಉಂಟು. ಹೆಂಗಸರೂ ಹೊತ್ತರು.

ದುಡಿಯುವ ಗಂಡಸರು ಹೋದರು, ಕಣಜ ಹೋಯಿತು, ದನ ಹೋಯಿತು. ಆಮೇಲೆ ಮಳೆಯೂ ಕೈಕೊಟ್ಟಿತು. ದೊಡೊಮಾ ಸುತ್ತಿನ ಗೊಗೊ ಜನರ ನಾಡಿನಲ್ಲಿ ಬಂದ ಬರಕ್ಕೆ ಅವರು ಮ್ಟುನ್ಯಾ ಎಂದು ಹೆಸರಿಟ್ಟರು. ಅಲ್ಲಿ ಐದರಲ್ಲಿ ಒಬ್ಬರು ಸತ್ತರು ಎಂದು ಇತಿಹಾಸಕಾರರ ಅಂದಾಜು. ಜರ್ಮನ್ ಪಡೆಯ ಜೊತೆಗೇ ನಡೆದ ಲುಡ್ವಿಗ್ ಡೆಪ್ಪೆ ಎಂಬ ವೈದ್ಯ ಇದನ್ನು ಮುಚ್ಚಿಡಲಿಲ್ಲ. ನಮ್ಮ ಹಿಂದೆ ಹಾಳಾದ ಹೊಲ, ಬರಿದಾದ ಕಣಜ, ಹಸಿವು ಬಿಟ್ಟು ಬಂದಿದ್ದೇವೆ ಎಂಬ ಅರ್ಥದಲ್ಲಿ ಬರೆದಿದ್ದಾನೆ. ಬ್ರಿಟಿಷರು ಅದೇ ದಾರಿಯಲ್ಲಿ ಹಿಂದೆ ಬಂದು, ಅದೇ ಹಳ್ಳಿಗಳಲ್ಲಿ ಉಳಿದದ್ದನ್ನೂ ಎತ್ತಿಕೊಂಡರು.

ಯುದ್ಧ ಮುಂದುವರಿಯಿತು. 1917ರ ಅಕ್ಟೋಬರ್‌ನಲ್ಲಿ ಮಹಿವಾ ಎಂಬಲ್ಲಿ ನಾಲ್ಕು ದಿನ ಕಾಳಗ. ಬ್ರಿಟಿಷ್ ಕಡೆಯ ಸುಮಾರು 4,900 ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಸತ್ತರು ಅಥವಾ ಗಾಯಗೊಂಡರು. ಅವರಲ್ಲಿ ಬಹುತೇಕರು ನೈಜೀರಿಯಾದವರು, ಭಾರತೀಯರು. ಜರ್ಮನಿ ಅವನನ್ನು ಮೇಜರ್ ಜನರಲ್ ಮಾಡಿತು. ಆದರೆ ಅವನೂ ತನ್ನ ಪಡೆಯ ಮೂರರಲ್ಲಿ ಒಂದು ಭಾಗ ಕಳೆದುಕೊಂಡಿದ್ದ. ಮುಂದಿನ ತಿಂಗಳು ಅವನಿಗಾಗಿ ಬಲ್ಗೇರಿಯಾದಿಂದ ಎಲ್ 59 ಎಂಬ ದೈತ್ಯ ಜೆಪೆಲಿನ್ ವಾಯುನೌಕೆ ಸಾಮಾನು ತುಂಬಿಕೊಂಡು ಹೊರಟಿತು. ಮೆಡಿಟರೇನಿಯನ್ ದಾಟಿ, ಸಹಾರಾ ದಾಟಿ ಸುಡಾನ್ ತನಕ ಬಂದು, ವಾಪಸ್ ಬನ್ನಿ ಎಂಬ ರೇಡಿಯೋ ಸಂದೇಶಕ್ಕೆ ತಿರುಗಿ ಹೋಯಿತು. 95 ಗಂಟೆ, 6,757 ಕಿಲೋಮೀಟರ್, ಎಲ್ಲೂ ಇಳಿಯದೆ. ಒಂದು ಪೊಟ್ಟಣವೂ ತಲುಪಲಿಲ್ಲ.

1917ರ ನವೆಂಬರ್ 25ರಂದು ಅವನು ರೊವುಮಾ ನದಿ ದಾಟಿ ಪೋರ್ಚುಗೀಸರ ಮೊಜಾಂಬಿಕ್‌ಗೆ ನುಗ್ಗಿದ. ಜೊತೆಗಿದ್ದವರು ಸುಮಾರು 300 ಯುರೋಪಿಯನ್ನರು, 1,700 ಆಸ್ಕರಿಗಳು, 3,000 ಹೊರೆಯಾಳುಗಳು, ಸಂಸಾರಗಳು. ದಾಟಿದ ದಿನವೇ ಪೋರ್ಚುಗೀಸ್ ಠಾಣೆಯೊಂದನ್ನು ಹಿಡಿದು ಬಂದೂಕು, ಗುಂಡು ದೋಚಿದ. ಹತ್ತು ತಿಂಗಳು ಅಲ್ಲೇ ಸುತ್ತಿದ. ಮತ್ತೆ ಉತ್ತರಕ್ಕೆ ಬಂದು, ಪಶ್ಚಿಮಕ್ಕೆ ತಿರುಗಿ, ಈಗಿನ ಜಾಂಬಿಯಾಕ್ಕೆ ಹೊಕ್ಕ. 1918ರ ನವೆಂಬರ್ 13ರಂದು ಕಸಾಮಾ ಊರು ಹಿಡಿದ. ಯುದ್ಧ ನಿಂತು ಎರಡು ದಿನ ಆಗಿತ್ತು. ಮಾರನೇ ದಿನ ಚಂಬೇಶಿ ನದಿಯ ಹತ್ತಿರ ಸುದ್ದಿ ತಲುಪಿತು. ನವೆಂಬರ್ 25ರಂದು ಅಬರ್‌ಕಾರ್ನ್ ಊರಿನಲ್ಲಿ ಶಸ್ತ್ರ ಒಪ್ಪಿಸಿದ. 30 ಅಧಿಕಾರಿಗಳು, 125 ಇತರ ಜರ್ಮನರು, 1,168 ಆಸ್ಕರಿಗಳು.

ಅವನ ಗುರಿ ಈಡೇರಿತೇ ಎಂದು ನೀವು ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಅವನ ಬೆನ್ನು ಹತ್ತಿದವರಲ್ಲಿ ಬಹುಪಾಲು ಆಫ್ರಿಕನ್, ಭಾರತೀಯ, ದಕ್ಷಿಣ ಆಫ್ರಿಕಾದ ಪಡೆಗಳು. ಬ್ರಿಟಿಷರು ತಮ್ಮ ಆಫ್ರಿಕನ್ ಸೈನಿಕರನ್ನು ಫ್ರಾನ್ಸಿನ ಕಂದಕಕ್ಕೆ ಕಳಿಸುತ್ತಲೇ ಇರಲಿಲ್ಲ. ಫ್ರಾನ್ಸಿನಲ್ಲಿ ಯುದ್ಧದ ದಿಕ್ಕು ಇವನಿಂದ ಬದಲಾಗಲಿಲ್ಲ. ಹಾಗಿದ್ದೂ ಅವನು ಜಾಣನಲ್ಲ ಎಂದು ನಾನು ಹೇಳಲಾರೆ. ಆಸ್ಕರಿಗಳ ಜೊತೆ ಅವರದೇ ಸ್ವಾಹಿಲಿಯಲ್ಲಿ ಮಾತಾಡಿದ, ಅವರ ಜೊತೆ ನಡೆದ, ಅವರಿಗೆ ಬಂದ ಮಲೇರಿಯಾ ಅವನಿಗೂ ಬಂತು. ಎಷ್ಟೋ ಆಸ್ಕರಿಗಳು ಓಡಿಹೋದರೂ ಸಾವಿರ ಜನ ಕೊನೇ ದಿನದವರೆಗೆ ಜೊತೆಗಿದ್ದರು. ಅದಕ್ಕೆ ಕಾರಣ ಇರಲೇಬೇಕಲ್ವಾ.

1919ರ ಮಾರ್ಚ್ 2ರಂದು ಬರ್ಲಿನ್ನಿನ ಬ್ರಾಂಡೆನ್‌ಬರ್ಗ್ ದ್ವಾರದ ಕೆಳಗೆ ಕುದುರೆ ಮೇಲೆ ಮೆರವಣಿಗೆ ಬಂದ. ಹಿಂದೆ ಹರಿದ ಸಮವಸ್ತ್ರದ ಅಧಿಕಾರಿಗಳು. ಆಸ್ಕರಿಗಳು ಆಫ್ರಿಕಾದಲ್ಲೇ ಉಳಿದಿದ್ದರು. ಮರುವರ್ಷ ಸರ್ಕಾರ ಉರುಳಿಸಲು ನಡೆದ ಕಾಪ್ ದಂಗೆಯ ಕಡೆ ನಿಂತು ಸೈನ್ಯದ ಕೆಲಸ ಕಳೆದುಕೊಂಡ. 1928ರಿಂದ 1930ರವರೆಗೆ ಸಂಸತ್ತಿನಲ್ಲಿದ್ದ. ಎರಡನೇ ಮಹಾಯುದ್ಧದಲ್ಲಿ ಇಬ್ಬರು ಗಂಡುಮಕ್ಕಳೂ ಸತ್ತರು. ಆಮೇಲಿನ ಬಡತನದ ದಿನಗಳಲ್ಲಿ ಹಳೇ ಶತ್ರು ಸ್ಮಟ್ಸ್ ಊಟದ ಪೊಟ್ಟಣ ಕಳಿಸಿದ. ಸತ್ತದ್ದು 1964ರ ಮಾರ್ಚ್ 9ರಂದು, 93 ವರ್ಷಕ್ಕೆ.

ಅದೇ ವರ್ಷ ಪಶ್ಚಿಮ ಜರ್ಮನಿಯ ಸಂಸತ್ತು ಬದುಕಿದ್ದ ಆಸ್ಕರಿಗಳಿಗೆ ಬಾಕಿ ಸಂಬಳ ಕೊಡಲು ಒಪ್ಪಿತು. ಮ್ವಾಂಜಾದಲ್ಲಿ ಹಣ ಹಂಚಲು ಕೂತರು. ಸುಮಾರು 350 ಮುದುಕರು ಬಂದರು. ಕೆಲವರ ಹತ್ತಿರ ಮಾತ್ರ ಹಳೇ ಕಾಗದ ಇತ್ತು. ಉಳಿದವರನ್ನು ಗುರುತಿಸುವುದು ಹೇಗೆ? ಹಂಚಲು ಬಂದ ಅಧಿಕಾರಿ ಒಬ್ಬೊಬ್ಬರ ಕೈಗೂ ಒಂದು ಪೊರಕೆ ಕೊಟ್ಟು, ಜರ್ಮನ್ ಭಾಷೆಯಲ್ಲಿ ಕವಾಯತಿನ ಆಜ್ಞೆ ಕೂಗಿದನಂತೆ. ಎಲ್ಲರೂ ಪೊರಕೆಯನ್ನು ಬಂದೂಕಿನ ಹಾಗೆ ಸರಿಯಾಗಿ ಎತ್ತಿ ಇಳಿಸಿದರಂತೆ. ಕಥೆಯಾಗಿ ಹೇಳಿಕೊಂಡು ಬಂದದ್ದು ಇದು. ಕೇಳಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಹಾಗೆಯೇ ಇನ್ನೊಂದೂ ನೆನಪಾಗುತ್ತದೆ. ಹೊರೆ ಹೊತ್ತವನಿಗೆ ಕವಾಯತು ಕಲಿಸಿರಲಿಲ್ಲ. ಅವನು ಬಂದಿದ್ದರೆ ಪೊರಕೆ ಹಿಡಿದು ಏನು ತೋರಿಸಬೇಕಿತ್ತು?

ದಾರ್ ಎಸ್ ಸಲಾಮ್‌ಗೆ ಯಾರಾದರೂ ಹೋದರೆ ಕರಿಯಾಕೂ ಎಂಬ ಮಾರುಕಟ್ಟೆಗೆ ಹೋಗಿ ಬನ್ನಿ. ನಮ್ಮ ಕೆ.ಆರ್. ಮಾರ್ಕೆಟ್ ಥರ ಸದಾ ಗಿಜಿಗುಡುವ ಜಾಗ. ತರಕಾರಿ, ಬಟ್ಟೆ, ಮೊಬೈಲ್ ಎಲ್ಲ ಸಿಗುತ್ತದೆ. ಬ್ರಿಟಿಷರ ಹೊರೆಯಾಳುಗಳ ದಳಕ್ಕೆ ಕ್ಯಾರಿಯರ್ ಕೋರ್ ಎಂದು ಹೆಸರಿತ್ತು. ದಳದ ಬಿಡಾರ ಇದ್ದದ್ದು ಆ ಜಾಗದಲ್ಲಿ. ಜನರ ಬಾಯಲ್ಲಿ ಕ್ಯಾರಿಯರ್ ಕೋರ್ ಕರಿಯಾಕೂ ಆಯಿತು. ನೈರೋಬಿಯಲ್ಲಿ ಅದೇ ಹೆಸರು ಕರಿಯೋಕೋರ್ ಆಗಿ ನಿಂತಿದೆ. ತಾಂಜಾನಿಯಾದ ಎರಡು ದೊಡ್ಡ ಫುಟ್‌ಬಾಲ್ ತಂಡಗಳಾದ ಸಿಂಬಾ ಮತ್ತು ಯಾಂಗಾ ಹುಟ್ಟಿದ್ದು ಈ ಬೀದಿಗಳಲ್ಲೇ. ಅವೆರಡೂ ಎದುರಾಗುವ ಪಂದ್ಯವನ್ನು ಕರಿಯಾಕೂ ಡರ್ಬಿ ಎನ್ನುತ್ತಾರೆ. ಆ ದಿನ ಇಡೀ ದೇಶ ಆ ಹೆಸರನ್ನು ಕೂಗುತ್ತದೆ.